ಹುಲಿ ಯೋಜನೆ ಬಂದರೆ ನಮ್ಮ ದನ ಎಲ್ಲಿ ಮೇಯಬೇಕು?

2025ರ ಜೂನ್ ಕೊನೆಯ ವಾರ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ತನಿಖೆ ನಡೆಯಿತು, ಬಂಧನಗಳಾದವು, ಅಧಿಕಾರಿಗಳ ಮೇಲೆ ಕ್ರಮವಾಯಿತು. ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸುವ ಮಾತು ಸರ್ಕಾರದ ಕಡೆಯಿಂದ ಬಂತು. ಬಂದಷ್ಟೇ ಬೇಗ ರೈತರಿಂದ ವಿರೋಧವೂ ಬಂತು. ಇದೇ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿಸುವ ಪ್ರಸ್ತಾವ ಹಲವು ವರ್ಷಗಳಿಂದ ಕಡತದಲ್ಲಿದೆ. ಹನೂರು, ಕೊಳ್ಳೇಗಾಲದ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಹುಲಿ ಯೋಜನೆ ಬಂದರೆ ನಮ್ಮ ದನ ಎಲ್ಲಿ ಮೇಯಬೇಕು? ಅದರ ಬೆನ್ನಿಗೇ ಇನ್ನೊಂದು: ಇದನ್ನೆಲ್ಲ ತೀರ್ಮಾನಿಸುವವರು ಯಾರು?

ಮೊದಲ ಪ್ರಶ್ನೆಗೆ ಉತ್ತರ ಆ ಕಾಡಿಗೆ ಕಾನೂನು ಯಾವ ದರ್ಜೆ ಕೊಟ್ಟಿದೆ ಎಂಬುದರ ಮೇಲೆ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಸಾಕುಪ್ರಾಣಿ ಮೇಯುವಂತಿಲ್ಲ. ಅಲ್ಲಿ ವಿನಾಯಿತಿಗೆ ಜಾಗವೇ ಇಲ್ಲ. ವನ್ಯಜೀವಿ ಧಾಮದಲ್ಲಿ ಹಾಗಲ್ಲ. ಮೇಯಿಸುವುದನ್ನು ನಿಯಂತ್ರಿಸುವ, ಬೇಕಾದರೆ ನಿಷೇಧಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ; ಅಂದರೆ ಅಲ್ಲಿ ಮಾತುಕತೆಗೆ ಬಾಗಿಲು ತೆರೆದಿದೆ. ಇನ್ನು ಹುಲಿ ಸಂರಕ್ಷಿತ ಪ್ರದೇಶ ಎಂಬುದು ಇವೆರಡರ ಮೇಲೆ ಹೊದಿಸುವ ಇನ್ನೊಂದು ಪದರ. ಅದರಲ್ಲಿ ನಡುವಿನ ತಿರುಳು ಭಾಗ ಮತ್ತು ಸುತ್ತಲಿನ ಅಂಚು ವಲಯ ಎಂದು ಎರಡು. ತಿರುಳು ಭಾಗ ಹುಲಿಗೆ ಮೀಸಲು; ಅಂಚು ವಲಯದಲ್ಲಿ ಜನರ ಬದುಕೂ ಹುಲಿಯ ಓಡಾಟವೂ ಜೊತೆಯಲ್ಲೇ ಸಾಗಬೇಕು. ಆ ಅಂಚು ಎಲ್ಲಿಯವರೆಗೆ ಎಂಬುದನ್ನು ಗ್ರಾಮಸಭೆಯ ಜೊತೆ ಸಮಾಲೋಚಿಸಿಯೇ ಗೊತ್ತುಮಾಡಬೇಕೆಂದು ಕಾಯ್ದೆ ಹೇಳುತ್ತದೆ. ಹಳ್ಳಿಗಳಲ್ಲಿ ಕರಪತ್ರ ಹಂಚುವ ಎರಡೂ ಕಡೆಯವರು ಈ ವ್ಯತ್ಯಾಸವನ್ನು ಹೇಳುವುದು ಕಡಿಮೆ. ಒಬ್ಬರು ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರೆ ಎನ್ನುತ್ತಾರೆ, ಇನ್ನೊಬ್ಬರು ಏನೂ ಬದಲಾಗುವುದಿಲ್ಲ ಎನ್ನುತ್ತಾರೆ. ಎರಡೂ ನಿಜವಲ್ಲ.

ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಅರಣ್ಯ ಮತ್ತು ವನ್ಯಜೀವಿ ಮೊದಲು ರಾಜ್ಯಗಳ ವಿಷಯವಾಗಿದ್ದವು; 1976ರ 42ನೇ ತಿದ್ದುಪಡಿ ಅವನ್ನು ಸಮವರ್ತಿ ಪಟ್ಟಿಗೆ ತಂದಿತು. ಹೀಗಾಗಿ ಕಾಯ್ದೆ ದೆಹಲಿಯದು, ಅಧಿಸೂಚನೆ ಬೆಂಗಳೂರಿನದು. ಗಡಿ ಗುರುತಿಸಿ ರಾಜ್ಯಪತ್ರದಲ್ಲಿ ಪ್ರಕಟಿಸುವುದು ರಾಜ್ಯ ಸರ್ಕಾರ. ಆದರೆ ಒಮ್ಮೆ ಪ್ರಕಟಿಸಿದ ಮೇಲೆ ಆ ಗಡಿಯನ್ನು ರಾಜ್ಯ ತನ್ನಷ್ಟಕ್ಕೆ ಬದಲಿಸುವಂತಿಲ್ಲ; ಪ್ರಧಾನಿ ಅಧ್ಯಕ್ಷತೆಯ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಇದರ ಮೇಲೆ ಸುಪ್ರೀಂ ಕೋರ್ಟಿನ ಕಣ್ಣೂ ಇದೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ ಎಂಬಂತೆ ಕಾನೂನನ್ನು ಕಟ್ಟಿದ್ದಾರೆ, ಮತ್ತು ಅದಕ್ಕೆ ಕಾರಣವಿದೆ. ಗಣಿಯೋ ಹೆದ್ದಾರಿಯೋ ಅಣೆಕಟ್ಟೋ ಬಂದಾಗ ಸ್ಥಳೀಯ ಒತ್ತಡಕ್ಕೆ ಬಾಗುವ ಸರ್ಕಾರಗಳನ್ನು ಈ ದೇಶ ಸಾಕಷ್ಟು ಕಂಡಿದೆ.

ರಾಜ್ಯಪತ್ರದಲ್ಲಿ ಬರುವ ಗಡಿ ವಿವರಣೆಯನ್ನು ಒಮ್ಮೆಯಾದರೂ ಓದಬೇಕು. ಇಂಥ ಸರ್ವೆ ನಂಬರಿನ ಬಾಂದುಕಲ್ಲಿನಿಂದ ಹೊರಟು, ಹಳ್ಳದ ಎಡದಂಡೆಯ ಗುಂಟ ಸಾಗಿ, ಗಾಡಿದಾರಿ ದಾಟಿ, ಮೂರು ಊರುಗಳ ಗಡಿ ಕೂಡುವ ಕಲ್ಲನ್ನು ಮುಟ್ಟಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ... ಹೀಗೆ ಪುಟಗಟ್ಟಲೆ. ಓದಲು ನೀರಸ. ಆದರೆ ಆ ಗೆರೆಯ ಒಂದು ಬದಿಗಿರುವ ಕೆರೆಯಲ್ಲಿ ದನಕ್ಕೆ ನೀರು ಕುಡಿಸಬಹುದು, ಇನ್ನೊಂದು ಬದಿಯಲ್ಲಿ ಕುಡಿಸಿದರೆ ಮೊಕದ್ದಮೆ ಬೀಳಬಹುದು. ಮಲೆ ಮಹದೇಶ್ವರ ಬೆಟ್ಟದಂಥ ಕಡೆ ಹಲವು ಕಂದಾಯ ಗ್ರಾಮಗಳು ಕಾಡಿನ ನಡುವೆ ದ್ವೀಪಗಳಂತೆ ಉಳಿದಿವೆ. ಊರು ಧಾಮದ ಹೊರಗೆ, ಊರಿನ ದಾರಿ ಧಾಮದ ಒಳಗೆ. ಹೊಲ ಹೊರಗೆ, ತಲೆತಲಾಂತರದಿಂದ ದನಗಳನ್ನು ಕೂಡುತ್ತಿದ್ದ ದೊಡ್ಡಿ ಒಳಗೆ.

ಹಾಗಾದರೆ ಗೆರೆ ಎಳೆಯುವ ಮುಂಚೆ ಆ ದೊಡ್ಡಿಯವರನ್ನು ಯಾರೂ ಕೇಳಲಿಲ್ಲವೇ? ಇಲ್ಲೇ ಇರುವುದು ವಿಷಯದ ಗಂಟು. ಕಾಯ್ದೆಯಲ್ಲಿ ಕೇಳುವ ವ್ಯವಸ್ಥೆ ಇದೆ, ಸಾಕಷ್ಟು ವಿವರವಾಗಿಯೇ ಇದೆ. ಮೊದಲು ಸರ್ಕಾರ ಇಂಥ ಪ್ರದೇಶವನ್ನು ಧಾಮ ಮಾಡುವ ಉದ್ದೇಶವಿದೆ ಎಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಬೇಕು. ಅರವತ್ತು ದಿನದೊಳಗೆ ಜಿಲ್ಲಾಧಿಕಾರಿ ಸುತ್ತಲಿನ ಪ್ರತಿ ಊರಿನಲ್ಲೂ ಜನರ ಭಾಷೆಯಲ್ಲೇ ಪ್ರಕಟಣೆ ಹಾಕಿಸಬೇಕು. ಹಕ್ಕು ಇರುವವರು ಎರಡು ತಿಂಗಳಲ್ಲಿ ಬರೆದು ಕೊಡಬೇಕು. ಒಂದೊಂದು ಹಕ್ಕನ್ನೂ ವಿಚಾರಿಸಿ, ಒಪ್ಪಬೇಕು ಇಲ್ಲವೆ ತಿರಸ್ಕರಿಸಬೇಕು. ಒಪ್ಪಿದ್ದಕ್ಕೆ ಪರಿಹಾರ ಕೊಡಬಹುದು, ಆ ಭಾಗವನ್ನು ಗಡಿಯಿಂದ ಕೈಬಿಡಬಹುದು, ಧಾಮವಾದರೆ ಹಕ್ಕು ಮುಂದುವರಿಯಲೂ ಬಿಡಬಹುದು. ಇದೆಲ್ಲ ಮುಗಿದ ಮೇಲೆ ಅಂತಿಮ ಅಧಿಸೂಚನೆ. ಎರಡು ವರ್ಷದಲ್ಲಿ ಕೆಲಸ ಮುಗಿಸಲು ಆದಷ್ಟು ಮಟ್ಟಿಗೆ ಯತ್ನಿಸಬೇಕೆಂಬ ಮಾತೂ ಕಾಯ್ದೆಯಲ್ಲಿ ನಂತರ ಸೇರಿಕೊಂಡಿತು.

ಆದರೆ ಆ ನೆಲ ಈಗಾಗಲೇ ಮೀಸಲು ಅರಣ್ಯವಾಗಿದ್ದರೆ, ವನ್ಯಜೀವಿ ಧಾಮ ಮಾಡಲು ಈ ವಿಚಾರಣೆಯೇ ಬೇಕಿಲ್ಲ. ಮೀಸಲು ಅರಣ್ಯ ಮಾಡುವಾಗಲೇ ಹಕ್ಕುಗಳು ಇತ್ಯರ್ಥವಾಗಿವೆ ಎಂಬ ನಂಬಿಕೆ ಇದಕ್ಕೆ ಆಧಾರ. ಕರ್ನಾಟಕದ ಧಾಮಗಳ ಬಹುಪಾಲು ನೆಲ ಮೀಸಲು ಅರಣ್ಯವೇ. ಅವು ಮೀಸಲಾದದ್ದು ಯಾವಾಗ? ಹಳೇ ಮೈಸೂರಿನಲ್ಲಿ 1900ರ ಅರಣ್ಯ ರೆಗ್ಯುಲೇಷನ್ನಿನ ಕಾಲ. ಕೊಳ್ಳೇಗಾಲ ತಾಲ್ಲೂಕು 1956ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿ ನಡೆಯುತ್ತಿದ್ದದ್ದು 1882ರ ಮದರಾಸು ಅರಣ್ಯ ಕಾಯ್ದೆ. ಅಂದರೆ ಈ ಬೆಟ್ಟಗಳ ಆದಿವಾಸಿಯಾದ ಇಂದಿನ ಸೋಲಿಗನೊಬ್ಬನ ಜೇನು ಕೀಳುವ ಹಕ್ಕನ್ನು ಇತ್ಯರ್ಥ ಮಾಡಿದವನು ಅವನ ಮುತ್ತಜ್ಜನ ಕಾಲದಲ್ಲಿ ಕುದುರೆಯೇರಿ ಬಂದ ಒಬ್ಬ ಸೆಟ್ಲ್‌ಮೆಂಟ್ ಅಧಿಕಾರಿ. ಅಕ್ಷರ ಬಾರದ, ಒಂದೇ ಕಡೆ ನೆಲೆ ನಿಲ್ಲದೆ ಕುಮರಿ ಬೇಸಾಯ ಮಾಡುತ್ತ ಪೋಡಿನಿಂದ ಪೋಡಿಗೆ ಹೋಗುತ್ತಿದ್ದವರಲ್ಲಿ ಎಷ್ಟು ಜನ ಆ ಅಧಿಕಾರಿಯ ಮುಂದೆ ನಿಂತು ಅರ್ಜಿ ಕೊಟ್ಟಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಅವತ್ತು ಕೇಳದೆ ಬಿಟ್ಟ ಪ್ರಶ್ನೆಯ ಬಡ್ಡಿಯನ್ನು ಇವತ್ತಿನ ಅರಣ್ಯ ಇಲಾಖೆಯೂ ಕಟ್ಟುತ್ತಿದೆ, ಇವತ್ತಿನ ಆದಿವಾಸಿ ಹಾಡಿಗಳೂ ಕಟ್ಟುತ್ತಿವೆ.

ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. 1872ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಯೆಲ್ಲೋಸ್ಟೋನ್ ಮಸೂದೆಗೆ ಸಹಿ ಹಾಕಿದಾಗ, ಆ ಕಣಿವೆಗಳಲ್ಲಿ ಶೊಶೋನ್ ಮುಂತಾದ ಮೂಲನಿವಾಸಿಗಳು ಬೇಟೆಯಾಡಿಕೊಂಡು ಬದುಕುತ್ತಿದ್ದರು. ಅವರನ್ನು ಹೊರಗಿಟ್ಟೇ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತು. ನಮ್ಮ ಬಂಡೀಪುರದ ಬೇರು ಮೈಸೂರು ಅರಸರ ಬೇಟೆಯ ಕಾಡಿನಲ್ಲಿದೆ. 1941ರಲ್ಲಿ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ಕಾಡು ಉಳಿಯಿತು. ಹಾಡಿಗಳು ಅಂಚಿಗೆ ಸರಿದವು.

2004-05ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂಬುದು ಬಯಲಾಯಿತು. ಅದು ಕಾಗದದಲ್ಲಿ ಎಲ್ಲ ರಕ್ಷಣೆಯೂ ಇದ್ದ ಹುಲಿ ಯೋಜನೆಯ ಕಾಡು. ಪ್ರಧಾನಿ ನೇಮಿಸಿದ, ಸುನೀತಾ ನಾರಾಯಣ್ ಅಧ್ಯಕ್ಷತೆಯ ಕಾರ್ಯಪಡೆ ಕಾರಣ ಹುಡುಕಿತು. ಮರುವರ್ಷ ಎರಡು ಕಾನೂನು ಕೆಲಸಗಳು ಒಟ್ಟೊಟ್ಟಿಗೆ ನಡೆದವು. ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು. ತಿರುಳು, ಅಂಚು ಎಂಬ ವಿಂಗಡಣೆಗೆ ಕಾನೂನಿನ ಬಲ ಬಂತು. ಅದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಬಂತು. ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಆ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿದೆ. ನೂರು ವರ್ಷದ ಹಿಂದೆ ಮುಚ್ಚಿದ್ದ ಕಡತವನ್ನು ಅದು ಮತ್ತೆ ತೆರೆಯಿತು.

ತೆರೆದ ಕಡತದಿಂದ ಏನಾಯಿತು ಎಂದು ನೋಡಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿ 1974ರಲ್ಲಿ ಧಾಮ ಘೋಷಣೆಯಾಯಿತು. ಸೋಲಿಗರ ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು. ಬೇಸಿಗೆಯ ಮೊದಲಲ್ಲಿ ಒಣ ಎಲೆಗಳಿಗೆ ಕೊಡುತ್ತಿದ್ದ ತರಗು ಬೆಂಕಿಯೂ ನಿಂತಿತು. ಆಮೇಲೆ ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೂ ತಡೆ ಬಂತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದಾಗ ಮುಂದಿನ ಸುದ್ದಿ ಒಕ್ಕಲೆಬ್ಬಿಸುವುದೇ ಎಂದು ಎಲ್ಲರೂ ಭಾವಿಸಿದ್ದರು. ಆದರೆ ಸೋಲಿಗರ ಸಂಘಟನೆ ಗಟ್ಟಿಯಾಗಿತ್ತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ದೊಡ್ಡ ಸಂಪಿಗೆ ಮರದಂಥ ತಮ್ಮ ಪೂಜಾಸ್ಥಳಗಳಿಗೆ ಹೋಗುವ, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕುಗಳಿಗೆ ಹೀಗೆ ಕಾಗದದ ಬಲ ಬಂತು.

ತರಗು ಬೆಂಕಿಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನೆಲದ ಮೇಲಿನ ತರಗೆಲೆ ಮಾತ್ರ ಸುಡುವಂತೆ, ಮರಗಳಿಗೆ ಹೊಸ ಚಿಗುರು ಬರುವ ಮುಂಚೆಯೇ ಕೊಡುತ್ತಿದ್ದ ಚಿಕ್ಕ ಬೆಂಕಿ ಅದು. ಅದು ನಿಂತ ಮೇಲೆ ಲಂಟಾನ ಹಬ್ಬಿತು, ಹುಲ್ಲು ಹೋಯಿತು, ಹುಲ್ಲಿಲ್ಲದೆ ಕಡವೆ ಕಾಟಿಗಳಿಗೆ ಮೇವಿಲ್ಲವಾಯಿತು ಎಂದು ಸೋಲಿಗ ಹಿರಿಯರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಲಂಟಾನ ಹಬ್ಬಲು ಬೇರೆ ಕಾರಣಗಳೂ ಇರಬಹುದು. ಎಲ್ಲ ಕಾಡಿಗೂ ಬೆಂಕಿ ಒಳ್ಳೆಯದೆಂದು ಯಾರೂ ಹೇಳುತ್ತಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ಕಂಡವರು ಬೆಂಕಿಯ ಹೆಸರೆತ್ತಿದರೆ ಬೆಚ್ಚುತ್ತಾರೆ. ಆದರೂ ಆ ಬೆಟ್ಟದ ಒಂದೊಂದು ಹಳ್ಳವನ್ನೂ ಬಲ್ಲವರ ಮಾತನ್ನು ನಿರ್ವಹಣಾ ಯೋಜನೆಯಲ್ಲಿ ಒಂದು ಪುಟವಾಗಿಯೂ ಸೇರಿಸದೆ ಕಾಡು ನಡೆಸುವುದು ಸರಿಯಾದ ಕ್ರಮವಲ್ಲ.

ನಾಗರಹೊಳೆಯ ಕತೆ ಕಹಿಯಾದದ್ದು. ಅಲ್ಲಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿ ಅಧ್ಯಯನಕ್ಕೆ ಹೈಕೋರ್ಟ್ ಸೂಚನೆಯಂತೆ ರಚನೆಯಾದ, ಪ್ರೊ. ಮುಜಾಫರ್ ಅಸ್ಸಾದಿ ಅಧ್ಯಕ್ಷತೆಯ ಸಮಿತಿ 3,418 ಕುಟುಂಬಗಳನ್ನು ಗುರುತಿಸಿತು. ಪುನರ್ವಸತಿಯ ನಿಜವಾದ ಪಾಲು ಅವರಲ್ಲಿ ಹಲವರಿಗೆ ಇನ್ನೂ ತಲುಪಬೇಕಾಗಿದೆ. 2025ರ ಮೇ ತಿಂಗಳಲ್ಲಿ ಸುಮಾರು 50 ಜೇನುಕುರುಬ ಕುಟುಂಬಗಳು ಕರಡಿಕಲ್ಲಿನ ತಮ್ಮ ಹಳೆಯ ಹಾಡಿಯ ಜಾಗಕ್ಕೆ ಮರಳಿ ಬಂದು ಗುಡಿಸಲು ಹಾಕಲು ನಿಂತವು. ಇದೇ ನಾಗರಹೊಳೆಯ ಕಾಡಿನೊಳಗೆ ಪ್ರವಾಸಿ ವಸತಿಗೃಹಕ್ಕೆಂದು ಖಾಸಗಿಯವರಿಗೆ ಜಾಗ ಕೊಟ್ಟದ್ದನ್ನು 1997ರಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಆ ದಾವೆ ಹೂಡಿದ್ದು ಆದಿವಾಸಿಗಳ ಸಂಘಟನೆಯೇ. ಕಾಡಿನಲ್ಲಿ ಮನುಷ್ಯರೇ ಇರಬಾರದು ಎನ್ನುವವರು ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಹಾಗೆಂದು ಪುನರ್ವಸತಿ ಎಂದರೆಲ್ಲ ಅನ್ಯಾಯ ಎನ್ನುವುದೂ ತಪ್ಪು. ಭದ್ರಾ ಅಭಯಾರಣ್ಯದೊಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಹೊರಬಂದು ತರೀಕೆರೆ ಕಡೆಯ ಎಂ.ಸಿ. ಹಳ್ಳಿ ಮತ್ತಿತರ ಕಡೆ ನೆಲೆಸಿದವು. ಆನೆ ಕಾಟ, ಮಳೆಗಾಲದಲ್ಲಿ ಕಡಿದುಹೋಗುವ ದಾರಿ, ದೂರದ ಆಸ್ಪತ್ರೆ ಇವುಗಳಿಂದ ಬೇಸತ್ತು, ಒಳ್ಳೆಯ ಜಮೀನು ಕೊಟ್ಟರೆ ಹೋಗುತ್ತೇವೆ ಎಂದು ಹಲವರು ತಾವೇ ಕೇಳಿದ್ದರು. ಜಮೀನು ಮೊದಲು ಸಿಕ್ಕಿತು, ಜನ ಆಮೇಲೆ ಎದ್ದರು. ಈ ಅನುಕ್ರಮ ಎಲ್ಲ ಕಡೆ ಪಾಲನೆಯಾಗಿದ್ದರೆ ಅರ್ಧದಷ್ಟು ಜಗಳಗಳು ಹುಟ್ಟುತ್ತಲೇ ಇರಲಿಲ್ಲ. ಈಗ ಹುಲಿ ಕಾಡುಗಳ ತಿರುಳು ಭಾಗದಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಕೇಂದ್ರದ ಪ್ಯಾಕೇಜು 15 ಲಕ್ಷ ರೂಪಾಯಿ. 2021ರ ತನಕ ಅದು 10 ಲಕ್ಷವಿತ್ತು. ಇಂದಿನ ಜಮೀನಿನ ಬೆಲೆಯಲ್ಲಿ ಆ ದುಡ್ಡಿಗೆ ಎಷ್ಟು ಎಕರೆ ಬರುತ್ತದೆ ಎಂಬುದು ರೈತರಾದವರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ಓದಿದವರು ಈ ಬಿಗಿ ಕಾನೂನೇ ಬೇಡ ಎಂಬ ನಿಲುವಿಗೆ ಬಂದರೆ, ಅವರಿಗೆ ಕುದುರೆಮುಖವನ್ನು ನೆನಪಿಸಬೇಕು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಾಗಿ 1976ರಲ್ಲಿ ಸಾರ್ವಜನಿಕ ಕಂಪನಿ ಸ್ಥಾಪನೆಯಾಯಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರನ್ನು ರಾಷ್ಟ್ರೀಯ ಉದ್ಯಾನ ಮಾಡುವ ಪ್ರಾಥಮಿಕ ಅಧಿಸೂಚನೆ ಹೊರಬಿತ್ತು. ಅಂತಿಮ ಅಧಿಸೂಚನೆಗೆ 2001ರ ತನಕ, ಅಂದರೆ 14 ವರ್ಷ, ಕಾಯಬೇಕಾಯಿತು. ಅಷ್ಟು ಕಾಲ ಒಳಗಿನ ಹಳ್ಳಿಗರಿಗೆ ತಮ್ಮ ಪಾಡೇನೆಂದು ತಿಳಿಯಲಿಲ್ಲ. ಆ ಅನಿಶ್ಚಿತತೆಯಿಂದ ಹುಟ್ಟಿದ ಸಿಟ್ಟು ಮಲೆನಾಡನ್ನು ಎಷ್ಟು ಕಾಡಿತೆಂಬುದು ಗೊತ್ತೇ ಇದೆ. ಆದರೆ ಗಣಿ ನಿಂತದ್ದೂ ಅದೇ ಅಧಿಸೂಚನೆಯ ಬಲದಿಂದ. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 2005ರ ಕೊನೆಗೆ ಗಣಿಗಾರಿಕೆ ಮುಗಿಯಬೇಕೆಂದು ತೀರ್ಪಿತ್ತಿತು, ಮುಗಿಯಿತು.

ಗದಗದ ಕಪ್ಪತಗುಡ್ಡ ಇನ್ನೊಂದು ಪಾಠ. ಔಷಧಿ ಸಸ್ಯಗಳಿಗೂ ಚಿನ್ನದ ನಿಕ್ಷೇಪಕ್ಕೂ ಹೆಸರಾದ ಆ ಗುಡ್ಡವನ್ನು 2015ರ ಡಿಸೆಂಬರಿನಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿ, 2016ರ ನವೆಂಬರಿನಲ್ಲಿ ಆ ಘೋಷಣೆಯನ್ನೇ ಸರ್ಕಾರ ವಾಪಸು ಪಡೆಯಿತು. ಸಂರಕ್ಷಣಾ ಮೀಸಲು ಕಾನೂನಿನ ಮೆದುವಾದ ದರ್ಜೆ. ಸ್ಥಳೀಯರ ಜೊತೆ ಸಮಾಲೋಚಿಸಿ ಮಾಡಬೇಕಾದದ್ದು, ಜನರ ಹಕ್ಕುಗಳನ್ನು ಮುಟ್ಟದಂಥದ್ದು. ವಾಪಸಾತಿಯ ವಿರುದ್ಧ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಘೋಷಣೆ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವೇ ಆಯಿತು. ಕಾಡು ಉಳಿಸಿ ಎಂದು ಧರಣಿ ಕೂತವರು ಅದೇ ಜಿಲ್ಲೆಯ ಜನ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಂತೂ ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲಾಯಿತು. ಒಂದು ಮನೆಯನ್ನೂ ಎಬ್ಬಿಸಬೇಕಾಗಲಿಲ್ಲ.

ಘೋಷಣೆಯ ಮಾತು ಇಷ್ಟಾಯಿತು. ದಿನನಿತ್ಯ ಕಾಡು ಕಾಯುವುದು ಹೇಗೆ ಎಂಬುದನ್ನು ಕಳ್ಳಬೇಟೆ ತಡೆ ಶಿಬಿರವೊಂದರಲ್ಲಿ ನೋಡಬೇಕು. ಎರಡು ಕೋಣೆಯ ಕಟ್ಟಡ, ಸುತ್ತ ಆನೆ ದಾಟದಂತೆ ಕಂದಕ, ಚಾವಣಿಯ ಮೇಲೆ ಸೋಲಾರ್ ಫಲಕ, ಮೂಲೆಯಲ್ಲಿ ಕರಕರ ಸದ್ದು ಮಾಡುವ ವೈರ್‌ಲೆಸ್. ನಾಲ್ಕೈದು ಜನ ವಾಚರುಗಳು; ಅವರಲ್ಲಿ ಹಲವರು ಅಕ್ಕಪಕ್ಕದ ಹಾಡಿಗಳ ಜೇನುಕುರುಬರು, ಸೋಲಿಗರು. ಬೆಳಗಾದರೆ ಕೈಯಲ್ಲಿ ಮಚ್ಚು, ಜೇಬಿನಲ್ಲಿ ಹೆಜ್ಜೆ ದಾರಿ ದಾಖಲಿಸುವ ಮೊಬೈಲ್ ಆ್ಯಪ್. ಉರುಳು ಸಿಕ್ಕರೆ ಬಿಚ್ಚಬೇಕು, ಹುಲಿ ಹಿಕ್ಕೆ ಕಂಡರೆ ಫೋಟೊ ತೆಗೆಯಬೇಕು, ಜನವರಿ ಬಂತೆಂದರೆ ಬೆಂಕಿ ರೇಖೆ ಸವರಬೇಕು. 2022ರ ಗಣತಿಯಲ್ಲಿ ದೇಶದಲ್ಲಿ 3,682, ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಹೆಮ್ಮೆಪಟ್ಟೆವಲ್ಲ, ಆ ಹೆಮ್ಮೆಯ ಮೊದಲ ಪಾಲು ಇವರದು. ಇವರಲ್ಲಿ ಬಹಳ ಮಂದಿ ಹೊರಗುತ್ತಿಗೆಯವರು. ಹೂಗ್ಯಂನಲ್ಲಿ ಹುಲಿಗಳು ಸತ್ತ ಹೊತ್ತಿನಲ್ಲಿ ಆ ಭಾಗದ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ ಎಂಬ ವರದಿಗಳು ಬಂದವು. ಗಸ್ತು ತಿರುಗುವವನ ಮನೆಯಲ್ಲಿ ಒಲೆ ಉರಿಯದಿದ್ದರೆ ಯಾವ ಅಧಿಸೂಚನೆಯೂ ಹುಲಿಯನ್ನು ಕಾಯಲಾರದು. ಹಸು ಕಳೆದುಕೊಂಡವನಿಗೆ ವಾರದೊಳಗೆ ಪರಿಹಾರದ ದುಡ್ಡು ಕೈಸೇರಿದರೆ ವಿಷದ ಡಬ್ಬಿಯ ಕಡೆ ಕೈ ಹೋಗುವ ಸಾಧ್ಯತೆಯೂ ಕಡಿಮೆ. ಹೊಸ ಹುಲಿ ಸಂರಕ್ಷಿತ ಪ್ರದೇಶ ಘೋಷಿಸುವುದಕ್ಕಿಂತ ಈ ಎರಡು ಕೆಲಸ ಅಗ್ಗ, ಮತ್ತು ಮೊದಲು ಆಗಬೇಕಾದವು.

ಆದರೂ ಹೊಸ ಘೋಷಣೆಗಳು ಬರುತ್ತವೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ದೇಶಗಳು 2030ರೊಳಗೆ ಭೂಮಿಯ ಶೇ 30ರಷ್ಟು ನೆಲ ಜಲಗಳಿಗೆ ರಕ್ಷಣೆ ಕೊಡಬೇಕೆಂದು ಒಪ್ಪಿವೆ. ಭಾರತದಲ್ಲಿ ರಾಷ್ಟ್ರೀಯ ಉದ್ಯಾನ, ಧಾಮ, ಮೀಸಲುಗಳೆಲ್ಲ ಸೇರಿದರೂ ನೆಲದ ಶೇ 5ರಷ್ಟಾಗುತ್ತದೆ. ಹನೂರಿನವರ ಪ್ರಶ್ನೆಯನ್ನು ನಾಳೆ ಇನ್ನಷ್ಟು ಊರುಗಳು ಕೇಳಲಿವೆ.

ಆ ಊರುಗಳ ಓದುಗರಿಗೆ ಹೇಳುವುದಿಷ್ಟು. ನಿಮ್ಮ ಕಾಡು ಮೀಸಲು ಅರಣ್ಯವೋ, ಧಾಮವೋ, ಉದ್ಯಾನವೋ ಎಂಬುದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಅಧಿಸೂಚನೆಯ ಪ್ರತಿ ಕೇಳಿ ಪಡೆಯಿರಿ. ದೊಡ್ಡಿ, ದಾರಿ, ಕೆರೆ, ದೇವರ ಬನ ಗಡಿಯೊಳಗಿದ್ದರೆ ಅರಣ್ಯ ಹಕ್ಕು ಸಮಿತಿಗೆ ಈಗಲೇ ಅರ್ಜಿ ಹಾಕಿ. ಆದಿವಾಸಿಗಳಲ್ಲದವರು 75 ವರ್ಷದ ವಾಸಕ್ಕೆ ಆಧಾರ ತೋರಿಸಬೇಕು. ಹಿರಿಯರು ಬದುಕಿರುವಾಗಲೇ ಅವರ ಹೇಳಿಕೆ ಬರೆಸಿಕೊಳ್ಳಿ. ಹಕ್ಕು ಇತ್ಯರ್ಥವಾಗದೆ ಹುಲಿ ಸಂರಕ್ಷಿತ ಪ್ರದೇಶದಿಂದ ಯಾರನ್ನೂ ಎಬ್ಬಿಸುವಂತಿಲ್ಲ ಎಂಬುದು ಕಾಯ್ದೆಯಲ್ಲೇ ಬರೆದಿರುವ ಮಾತು. ಗ್ರಾಮಸಭೆ ಕರೆದ ದಿನ ತಪ್ಪದೆ ಹೋಗಿ, ಹೇಳಬೇಕಾದ್ದನ್ನು ಹೇಳಿ, ನಡಾವಳಿಯಲ್ಲಿ ಅದು ದಾಖಲಾಗಿದೆಯೇ ನೋಡಿ, ದೃಢೀಕೃತ ಪ್ರತಿ ಪಡೆದುಕೊಂಡೇ ಮನೆಗೆ ಬನ್ನಿ.